ಹೊಸ ರೌಟರ್ ಬಂದಿತು, ವೇಗವೇಕೆ ಇಳಿಯಿತು?

ತೋರಣಗಲ್ಲಿನ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಯಜಮಾನರು ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಾರೆ. ಮಗಳು ಬೆಂಗಳೂರಿನ ಸಂಸ್ಥೆಯೊಂದರ ಕೆಲಸವನ್ನು ಮನೆಯಲ್ಲಿಯೇ ಕುಳಿತು ಮಾಡುತ್ತಾಳೆ. ಇಂಟರ್‌ನೆಟ್ ನೆಟ್ಟಗಿದ್ದರೆ ಆಕೆ ತಾಯಿತಂದೆಯರ ಬಳಿ ಇರಬಹುದು. ಕೈಕೊಟ್ಟರೆ ಮತ್ತೆ ಬೆಂಗಳೂರಿನ ಬಾಡಿಗೆ ಕೋಣೆಯೇ ಗತಿ. ಅದಕ್ಕೆಂದೇ ಸೆಕೆಂಡಿಗೆ 300 ಮೆಗಾಬಿಟ್ಟಿನ ಸಂಪರ್ಕಕ್ಕೆ ತಿಂಗಳು ತಿಂಗಳೂ ಹಣ ಕಟ್ಟುತ್ತಿದ್ದಾರೆ. ಹಳೆಯ ರೌಟರ್ ಆಗಾಗ ನಿಂತುಹೋಗುತ್ತಿದ್ದುದರಿಂದ ಹೊಸದನ್ನು ತಂದರು. ದೀಪಗಳೆಲ್ಲ ಹತ್ತಿದವು. ಆದರೆ ತಂತಿಯಿಂದ ಜೋಡಿಸಿದ ಕಂಪ್ಯೂಟರಿನಲ್ಲಿ ಅಳೆದು ನೋಡಿದರೆ ವೇಗ 94 ಮೆಗಾಬಿಟ್ಟಿಗೆ ಇಳಿದಿದೆ! ಇಪ್ಪತ್ತು ಗಿಗಾಬೈಟಿನ ಕಡತವನ್ನು ಇಳಿಸಿಕೊಳ್ಳಲು ಒಂಬತ್ತು ನಿಮಿಷ ಹಿಡಿಯುತ್ತಿದ್ದುದು ಈಗ ಇಪ್ಪತ್ತೆಂಟು ನಿಮಿಷಕ್ಕೆ ಹೋಗಿದೆ.

ಇಂಥ ಸಂದರ್ಭದಲ್ಲಿ ನಾವು ಸಾಮಾನ್ಯವಾಗಿ ಮಾಡುವುದು ಮೂರು ಕೆಲಸ. ಕಂಪೆನಿಯವರನ್ನು ಬಯ್ಯುವುದು, ರೌಟರನ್ನು ಅಂಗಡಿಗೆ ಹಿಂದಿರುಗಿಸುವುದು, ಇಲ್ಲವೇ ಇನ್ನೂ ಹೆಚ್ಚಿನ ಬೆಲೆಯ ಯೋಜನೆಗೆ ಬದಲಾಯಿಸಿಕೊಳ್ಳುವುದು. ವೇಗ ಎಲ್ಲಿ ಇಳಿಯಿತೆಂದು ತಿಳಿಯುವ ಮುನ್ನ ಈ ಮೂರೂ ದಂಡವೇ ಸರಿ. ತುಂಗಭದ್ರೆಯ ಕಾಲುವೆ ದಂಡೆ ತುಂಬಿ ಹರಿಯುತ್ತಿದ್ದರೂ ಕಂಪ್ಲಿಯ ರೈತನ ಗದ್ದೆಗೆ ಬರುವುದು ಅವನ ತೂಬಿನಲ್ಲಿ ಹಾಯುವಷ್ಟು ನೀರು ಮಾತ್ರ. ತೂಬು ಕಿರಿದಾಗಿದ್ದರೆ ಕಾಲುವೆಗೆ ಇನ್ನಷ್ಟು ನೀರು ಬಿಡಿಸಿ ಪ್ರಯೋಜನವೇನು? ನಿಮ್ಮ ಮನೆಯಲ್ಲಿಯೂ ಆ ಕಿರಿದಾದ ತೂಬನ್ನು ಮೊದಲು ಹುಡುಕಬೇಕು.

ಅದಕ್ಕೆ ಒಳ್ಳೆಯ ಸುಳಿವು ಆ 94 ಎಂಬ ಅಂಕಿಯಲ್ಲಿಯೇ ಇದೆ. ಮನೆಗಳಲ್ಲಿ ಬಳಸುವ ಈಥರ್ನೆಟ್ ತಂತಿ ಸಾಮಾನ್ಯವಾಗಿ ಮೂರು ಮೆಟ್ಟಿಲುಗಳಲ್ಲಿ ನಡೆಯುತ್ತದೆ: 10, 100 ಮತ್ತು 1000 ಮೆಗಾಬಿಟ್. ತಂತಿಯನ್ನು ಸಿಕ್ಕಿಸಿದೊಡನೆ ಎರಡು ತುದಿಯ ಉಪಕರಣಗಳೂ ತಮ್ಮ ತಮ್ಮಲ್ಲಿ ವಿಚಾರಿಸಿಕೊಂಡು, ಇಬ್ಬರಿಗೂ ಸಾಧ್ಯವಾದ ಮೆಟ್ಟಿಲನ್ನು ಗೊತ್ತುಮಾಡಿಕೊಳ್ಳುತ್ತವೆ. ಕಾಗದಕ್ಕೆ ಲಕೋಟೆ, ವಿಳಾಸ ಬೇಕಾಗುವಂತೆ ಇಲ್ಲಿಯೂ ವಿಳಾಸವೇ ಮೊದಲಾದವುಗಳಿಗೆ ಒಂದಿಷ್ಟು ಭಾಗ ಖರ್ಚಾಗುತ್ತದೆ. ಆದುದರಿಂದ 100ರ ಮೆಟ್ಟಿಲಿನಲ್ಲಿ ನಿಮ್ಮ ಕೈಗೆ ದಕ್ಕುವುದು ಹೆಚ್ಚೆಂದರೆ 95ರ ಸುಮಾರು. 1000ದ ಮೆಟ್ಟಿಲಿನಲ್ಲಿ 940ರ ಸುಮಾರು. ನೂರಕ್ಕಿಂತ ಹೆಚ್ಚಿನ ಯೋಜನೆಗೆ ಹಣ ಕಟ್ಟಿಯೂ, ಬೆಳಿಗ್ಗೆ ಅಳೆದರೂ ರಾತ್ರಿ ಅಳೆದರೂ ಅಂಕಿ 94, 95ರಲ್ಲಿಯೇ ಅಂಟಿಕೊಂಡಿದ್ದರೆ, ದಾರಿಯಲ್ಲಿ ಎಲ್ಲಿಯೋ ಒಂದು ತಂತಿ 100ರ ಮೆಟ್ಟಿಲಿನಲ್ಲಿ ನಿಂತಿದೆಯೆಂದು ತಿಳಿಯಿರಿ. ಹೊರಗಿನ ದಟ್ಟಣೆಯಿಂದ ಇಳಿದ ವೇಗವಾದರೆ ಗಳಿಗೆಗೊಂದು ರೀತಿ ಏರಿಳಿಯುತ್ತದೆ; ಹೀಗೆ ಒಂದೇ ಅಂಕಿಗೆ ಕಟ್ಟುಬೀಳುವುದಿಲ್ಲ.

ತಂತಿ ಹೀಗೇಕೆ ನಿಲ್ಲುತ್ತದೆ? ಈಥರ್ನೆಟ್ ಕೇಬಲಿನೊಳಗೆ ಎಂಟು ಸಣ್ಣ ತಂತಿಗಳು ಎರಡೆರಡಾಗಿ ಹೊಸೆದುಕೊಂಡು ನಾಲ್ಕು ಜೋಡಿಗಳಾಗಿರುತ್ತವೆ. 1995ರಲ್ಲಿ ಬಂದ 100 ಮೆಗಾಬಿಟ್ಟಿನ ಪದ್ಧತಿಗೆ ಎರಡು ಜೋಡಿ ಸಾಕು. 1999ರಲ್ಲಿ ಬಂದ 1000 ಮೆಗಾಬಿಟ್ಟಿನ ಪದ್ಧತಿಗೆ ನಾಲ್ಕು ಜೋಡಿಗಳೂ ಬೇಕು. ಎಂಟರಲ್ಲಿ ಒಂದು ತಂತಿ ಒಳಗೇ ಮುರಿದಿದ್ದರೂ, ತುದಿಯ ಪ್ಲಗ್ಗಿನಲ್ಲಿ ಸರಿಯಾಗಿ ಕೂರದಿದ್ದರೂ, ಉಪಕರಣಗಳು ಅನೇಕ ವೇಳೆ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ದೀಪ ಉರಿಯುತ್ತದೆ, ಪುಟಗಳು ತೆರೆಯುತ್ತವೆ. ಆದುದರಿಂದ ತಂತಿಯ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ಗೋಡೆಯಲ್ಲಿ ಹಳೆಯ ಕೇಬಲ್ ಇರುವ ಮನೆಗಳವರು ಇನ್ನೊಂದು ಮಾತನ್ನು ನೆನಪಿಡಬೇಕು. ನಮ್ಮ ದೇಶದ 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಎಂಬುದೇ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗವಾಗಿತ್ತು. ಅಂಥ ವೇಗಕ್ಕೆ ನಾಲ್ಕೇ ತಂತಿ ಜೋಡಿಸಿದ ಕೇಬಲ್ ಧಾರಾಳವಾಗಿ ಸಾಕು. ಅದು ಈಗ ಕೆಟ್ಟಿತೆಂದಲ್ಲ. ನಮ್ಮ ಬೇಡಿಕೆ ಅದನ್ನು ದಾಟಿ ಬೆಳೆಯಿತು.

ಇನ್ನು ಪರೀಕ್ಷೆಯ ಕ್ರಮ. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಅಳೆದು, ಬರೆದಿಡಿ. ಅಳೆಯುವಾಗ ಮನೆಯ ಟೀವಿ, ಮೊಬೈಲುಗಳು ಸುಮ್ಮನಿರಲಿ. ಪ್ರತಿಸಲವೂ ಮೂರು ಬಾರಿ ಅಳೆಯಿರಿ.

ಮೊದಲು ಕಂಪ್ಯೂಟರಿನಲ್ಲಿ ಮೆಟ್ಟಿಲನ್ನು ನೋಡಿ. ವಿಂಡೋಸ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ಈಥರ್ನೆಟ್ ಎಂಬುದನ್ನು ತೆರೆದರೆ ಲಿಂಕ್ ಸ್ಪೀಡ್ ಎಂದು ಬರೆದಿರುತ್ತದೆ. ಅಲ್ಲಿ 100 ಎಂದಿದ್ದರೆ ಕಂಪ್ಯೂಟರಿನಿಂದ ರೌಟರಿನವರೆಗಿನ ಭಾಗದಲ್ಲಿಯೇ ತೂಬು ಕಿರಿದಾಗಿದೆ. ಬೇರೊಂದು ಒಳ್ಳೆಯ ಕೇಬಲ್ ಹಾಕಿ ನೋಡಿ. ಅಂಕಿ 1000ಕ್ಕೆ ಏರಿದರೆ ನಿಮ್ಮ ಕಷ್ಟ ಅಲ್ಲಿಗೆ ತೀರಿತು. ಏರದಿದ್ದರೆ ಕಂಪ್ಯೂಟರಿನ ಸಾಕೆಟ್ಟೇ ಹಳೆಯದಾಗಿ 100ರದ್ದಾಗಿರಬಹುದು, ಅಥವಾ ರೌಟರಿನದು.

ಅಲ್ಲಿ 1000 ಎಂದಿದ್ದೂ ವೇಗ 95ರಲ್ಲಿಯೇ ನಿಂತಿದ್ದರೆ, ಫೈಬರ್ ಬಂದು ಸೇರುವ ಕಂಪೆನಿಯ ಪೆಟ್ಟಿಗೆಗೂ ರೌಟರಿಗೂ ನಡುವಿನ ಗಿಡ್ಡ ಕೇಬಲನ್ನು ಬದಲಾಯಿಸಿ. ಹಳೆಯ ರೌಟರನ್ನು ಕಳಚಿ ಹೊಸದನ್ನು ಕೂಡಿಸುವಾಗ ಬದಲಾದದ್ದು ಪೆಟ್ಟಿಗೆಯೊಂದೇ ಅಲ್ಲವಷ್ಟೆ. ತಂತಿಯನ್ನು ಎಳೆದಿರುತ್ತೇವೆ, ಮಡಿಸಿರುತ್ತೇವೆ, ಅಥವಾ ಎಂದೋ ಡ್ರಾಯರಿನಲ್ಲಿ ಎಸೆದಿದ್ದ ತುಂಡೊಂದನ್ನು ಹುಡುಕಿ ಸಿಕ್ಕಿಸಿರುತ್ತೇವೆ. ಆಮೇಲೆ ರೌಟರನ್ನು ಬಿಟ್ಟು ಕಂಪ್ಯೂಟರನ್ನೇ ಕಂಪೆನಿಯ ಪೆಟ್ಟಿಗೆಗೆ ಜೋಡಿಸಿ ಅಳೆಯಿರಿ. ಕೆಲವು ಸಂಪರ್ಕಗಳಲ್ಲಿ ಇದಕ್ಕೆ ಕಂಪೆನಿ ಕೊಟ್ಟ ಹೆಸರು ಮತ್ತು ಪಾಸ್‌ವರ್ಡ್ ಬೇಕಾಗುತ್ತವೆ. ಮೊದಲೇ ಕೇಳಿ ಇಟ್ಟುಕೊಳ್ಳಿ.

ಹೀಗೆ ನೇರವಾಗಿ ಅಳೆದಾಗ 300 ಬಂದು, ರೌಟರಿನ ಮೂಲಕ ಬಾರದಿದ್ದರೆ ಆಗ ರೌಟರಿನ ವಿಚಾರಣೆ ನ್ಯಾಯ. ಡಬ್ಬಿಯ ಮೇಲೆ 1200 ಎಂದು ದಪ್ಪಕ್ಷರದಲ್ಲಿ ಬರೆದಿರುವುದನ್ನು ನೋಡಿ ಮೋಸಹೋಗಬೇಡಿ. ಅದು ವೈಫೈಯ ಎರಡು ತರಂಗಪಟ್ಟಿಗಳ ಲೆಕ್ಕದ ವೇಗವನ್ನು ಕೂಡಿಸಿ ಬರೆದ ಅಂಕಿ. ಅಂಥ ಕಡಮೆ ಬೆಲೆಯ ಎಷ್ಟೋ ರೌಟರುಗಳಲ್ಲಿ ತಂತಿಯ ಸಾಕೆಟ್ಟುಗಳು 100 ಮೆಗಾಬಿಟ್ಟಿನವೇ. ಕೊಳ್ಳುವಾಗ ಕೇಳಬೇಕಾದ ಮಾತು ಒಂದೇ: "ಇದರ ಎಲ್ಲ ಪೋರ್ಟುಗಳೂ ಗಿಗಾಬಿಟ್ಟಿನವೇ?" ಪೋರ್ಟುಗಳು ಗಿಗಾಬಿಟ್ಟಿನವಾಗಿದ್ದೂ ವೇಗ ಬಾರದಿದ್ದರೆ, ರೌಟರಿನ ಸೆಟ್ಟಿಂಗಿನಲ್ಲಿ ವೇಗವನ್ನು ಹಂಚಿಕೊಡುವ ಕ್ಯೂಓಎಸ್ ಎಂಬ ಏರ್ಪಾಡು ನಡೆಯುತ್ತಿದೆಯೇ ನೋಡಿ. ಅದನ್ನು ನಿಲ್ಲಿಸಿ ಮತ್ತೆ ಅಳೆಯಿರಿ; ಆ ಲೆಕ್ಕಾಚಾರದ ಭಾರಕ್ಕೇ ಸಣ್ಣ ರೌಟರುಗಳು ಕುಗ್ಗುವುದುಂಟು.

ಕೇಬಲ್ ಕೊಳ್ಳುವಾಗ ಹೊರಕವಚದ ಮೇಲೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಅಚ್ಚಾಗಿದೆಯೇ ಓದಿ. ಒಳಗಿನದು ಅಪ್ಪಟ ತಾಮ್ರವಾಗಿರಲಿ. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಬೇಗ ಮುರಿಯುತ್ತದೆ. ಮನೆಯೊಳಗಿನ ಉದ್ದಕ್ಕೆ ನೀವು ಹೆದರಬೇಕಾಗಿಲ್ಲ. ನೂರು ಮೀಟರಿನವರೆಗೆ ಈ ಪದ್ಧತಿ ನಡೆಯುತ್ತದೆ.

ಅಳತೆಯ ಮಾತಿನಲ್ಲಿಯೇ ಒಂದು ಗೊಂದಲವುಂಟು. ಕಂಪೆನಿಯವರು ಹೇಳುವುದು ಬಿಟ್ಟುಗಳಲ್ಲಿ. ಕಡತ ಇಳಿಸಿಕೊಳ್ಳುವಾಗ ಕಂಪ್ಯೂಟರ್ ತೋರಿಸುವುದು ಅನೇಕ ವೇಳೆ ಬೈಟುಗಳಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟ್. ಸೆಕೆಂಡಿಗೆ 37 ಮೆಗಾಬೈಟ್ ಎಂದು ತೋರಿದರೆ ಸಿಡಿಮಿಡಿಗೊಳ್ಳಬೇಡಿ. ಅದು ನಿಮ್ಮ ಪೂರ್ತಿ 300 ಮೆಗಾಬಿಟ್ಟೇ ಸರಿ.

ಕಂಪೆನಿಯ ಪೆಟ್ಟಿಗೆಗೆ ಒಳ್ಳೆಯ ಕೇಬಲಿನಿಂದ ನೇರವಾಗಿ ಜೋಡಿಸಿದರೂ ವೇಗ ಬಾರದಿದ್ದರೆ? ಆಗ ದೂರು ಕೊಡಿ; ನೀವು ಬರೆದಿಟ್ಟ ಚೀಟಿಯನ್ನು ಮುಂದಿಡಿ. "ನೆಟ್ ಸ್ಲೋ ಆಗಿದೆ" ಎಂಬ ದೂರಿಗೆ "ರೌಟರ್ ಒಂದು ಸಲ ಆರಿಸಿ ಹಾಕಿ" ಎಂಬ ಉತ್ತರ ಬರುತ್ತದೆ. ಎಂದು, ಎಷ್ಟು ಗಂಟೆಗೆ, ಯಾವ ತಂತಿಯಿಂದ, ಎಷ್ಟು ಬಂತು ಎಂದು ಅಂಕಿಗಳನ್ನು ಹೇಳಿದರೆ ಹಾಗೆ ಸಾಗಹಾಕುವುದು ಸುಲಭವಲ್ಲ. ಫೈಬರ್ ತಂತಿಯನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ಅದರೊಳಗಿನದು ಗಾಜಿನ ಎಳೆ. ಚೂಪಾಗಿ ಮಡಿಸಿದರೆ ಬೆಳಕು ಸೋರುತ್ತದೆ. ಅದರಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣದ್ದು. ಬಿಚ್ಚಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುವುದು ಅಪಾಯ.

ರೇಡಿಯೋ ಗೊರಗುಟ್ಟಿದಾಗ ನಮ್ಮ ಹಿರಿಯರು ರೇಡಿಯೋವನ್ನು ಮಾರಲು ಹೊರಡುತ್ತಿರಲಿಲ್ಲ. ಮೊದಲು ಮಾಳಿಗೆ ಹತ್ತಿ ಏರಿಯಲ್ ತಂತಿಯನ್ನು ನೋಡಿ ಬರುತ್ತಿದ್ದರು. ಹೊಸ ರೌಟರಿಗೆ ಸಾವಿರಾರು ರೂಪಾಯಿ ಸುರಿದ ನೀವು, ಮತ್ತೊಮ್ಮೆ ಅಂಗಡಿಗೆ ಹೋಗುವ ಮುನ್ನ, ಅಲ್ಪ ಬೆಲೆಯ ಆ ಗಿಡ್ಡ ತಂತಿಯನ್ನೊಮ್ಮೆ ಬದಲಾಯಿಸಿ ನೋಡಿ.