ಚೌಳು ನೆಲದ ಹುಲ್ಲುಹಾಸಿಗೆ ಖನಿಜಗಳ ನೆರವು: ತಾಯಲೂರು ಸೀಮೆಯ ಹಿನ್ನೆಲೆಯಲ್ಲಿ

ಮುಳಬಾಗಿಲು ತಾಲ್ಲೂಕಿನ ತಾಯಲೂರು ಸೀಮೆಯಲ್ಲಿ, ಕೋಲಾರ ಜಿಲ್ಲೆಯ ಇತರೆಡೆಗಳಂತೆಯೇ, ವರ್ಷವಿಡೀ ಹರಿಯುವ ನದಿಯಿಲ್ಲ. ಶಾಲೆಯ ಆಟದ ಬಯಲಿಗಾಗಲಿ ದೇವಾಲಯದ ಅಂಗಳಕ್ಕಾಗಲಿ ಹುಲ್ಲುಹಾಸು ಬೆಳೆಸುವವರು ಬೇಸಗೆಯಲ್ಲಿ ಕೊಳವೆ ಬಾವಿಯ ನೀರನ್ನೇ ನೆಚ್ಚಬೇಕು. ನೀರು ಆವಿಯಾದಂತೆ ಅದರಲ್ಲಿ ಕರಗಿದ್ದ ಲವಣಗಳು ಮೇಲ್ಮಣ್ಣಿನಲ್ಲಿ ಉಳಿಯುತ್ತವೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿಯುತ್ತಿರುವುದರಿಂದ, ನೀರಿನ ಲವಣಾಂಶದ ಪರೀಕ್ಷೆಗೆ ಮತ್ತಷ್ಟು ಮಹತ್ವ ಬಂದಿದೆ. ಈ ಸಮಸ್ಯೆಗೆ ಖನಿಜಗಳು ಎಷ್ಟರಮಟ್ಟಿಗೆ ಪರಿಹಾರವಾಗಬಲ್ಲವು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಜನರು ಚೌಳು ಎಂದು ಕರೆಯುವ ನೆಲದಲ್ಲಿ ಎರಡು ಬಗೆಗಳಿವೆ. ಮಣ್ಣಿನ ಸಾರದ ವಿದ್ಯುದ್ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ಮೀರಿದರೆ ಅದು ಲವಣಯುಕ್ತ ಮಣ್ಣು. ಇಲ್ಲಿ ತೇವವಿದ್ದರೂ ಬೇರು ನೀರನ್ನು ಹೀರಲಾರದು. ವಿನಿಮಯ ಸೋಡಿಯಂ ಶೇಕಡಾ 15ನ್ನು ಮೀರಿ, ರಸಸಾರ 8.5ಕ್ಕಿಂತ ಹೆಚ್ಚಾದರೆ ಅದು ಕ್ಷಾರ ಮಣ್ಣು; ಇಲ್ಲಿ ಜೇಡಿಕಣಗಳು ಚದುರಿ ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಂಗದೆ ಮೇಲೆಯೇ ನಿಲ್ಲುತ್ತದೆ.

ಜಿಪ್ಸಂ ಫಲಿಸುವುದು ಎರಡನೆಯ ಬಗೆಯಲ್ಲಿ. ಅದರ ಕ್ಯಾಲ್ಸಿಯಂ, ಜೇಡಿಕಣಕ್ಕೆ ಅಂಟಿದ ಸೋಡಿಯಂನ ಸ್ಥಾನವನ್ನು ಆಕ್ರಮಿಸುತ್ತದೆ; ಬಿಡುಗಡೆಗೊಂಡ ಸೋಡಿಯಂ ಸಲ್ಫೇಟ್ ನೀರಿನೊಡನೆ ಕೆಳಗಿಳಿಯಬೇಕು. ನೀರಿನಲ್ಲೇ ಕಾರ್ಬೊನೇಟ್ ದೋಷವಿದ್ದರೆ, ಲೀಟರಿಗೆ 1 ಮಿಲಿ ಈಕ್ವಿವಲೆಂಟ್ ಉಳಿಕೆ ಸೋಡಿಯಂ ಕಾರ್ಬೊನೇಟನ್ನು ತಟಸ್ಥಗೊಳಿಸಲು ಸಾವಿರ ಲೀಟರಿಗೆ 86 ಗ್ರಾಂ ಶುದ್ಧ ಜಿಪ್ಸಂ ಬೇಕಾಗುತ್ತದೆ. ಕೇವಲ ಲವಣಯುಕ್ತವಾದ ಮಣ್ಣಿಗೆ ಜಿಪ್ಸಂ ಹಾಕುವುದೆಂದರೆ ಲವಣಕ್ಕೆ ಲವಣ ಸೇರಿಸಿದಂತೆಯೇ.

ಜಿಯೋಲೈಟ್‌ನ ಸ್ವಭಾವ ಬೇರೆ. ಸೂಕ್ಷ್ಮರಂಧ್ರಗಳುಳ್ಳ ಈ ಖನಿಜವು ಪೊಟ್ಯಾಸಿಯಂ ಹಾಗೂ ಅಮೋನಿಯಂಗಳನ್ನು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುತ್ತದೆ; ಸೋಡಿಯಂನ ಒಂದಂಶವನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ಮರಳು ಮಿಶ್ರಿತ ಮೈದಾನಗಳಿಗೆ ಇದು ಉಪಯುಕ್ತ. ಆದರೆ ಅದರ ಧಾರಣಶಕ್ತಿಗೆ ಮಿತಿಯಿದೆ. ಉಪ್ಪುನೀರು ಹರಿಯುತ್ತಲೇ ಇದ್ದರೆ ಅದೂ ಸೋಡಿಯಂನಿಂದ ತುಂಬಿಹೋಗುತ್ತದೆ. ಮೂಲದಲ್ಲೇ ಸೋಡಿಯಂ ಹೆಚ್ಚಿರುವ ಜಿಯೋಲೈಟ್ ಹಾನಿಯನ್ನೇ ಮಾಡೀತು.

ಹೀಗಾಗಿ ಎರಡೂ ಖನಿಜಗಳ ಫಲ ಅಂತಿಮವಾಗಿ ಲವಣ ಬಸಿದುಹೋಗುವುದನ್ನು ಅವಲಂಬಿಸಿದೆ. ಬಸಿಯಲು ನೀರು ಬೇಕು. ಈ ಸೀಮೆಯಲ್ಲಿ ದುರ್ಲಭವಾದುದು ಅದೇ. ಕುಡಿಯುವ ನೀರಿಗೇ ಪರದಾಡುವ ಊರಿನಲ್ಲಿ ಹುಲ್ಲಿನ ಬುಡ ತೊಳೆಯಲು ಕೊಳವೆ ಬಾವಿಯನ್ನು ಬರಿದು ಮಾಡುವುದು ಸಮರ್ಥನೀಯವಲ್ಲ. ಕೋಲಾರ ಜಿಲ್ಲೆಯಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಆಗಸ್ಟ್ ವೇಳೆಗೆ ಜಿಪ್ಸಂ ಬೆರೆಸಿ, ಬಸಿಗಾಲುವೆಗಳನ್ನು ತೆರವುಗೊಳಿಸಿಟ್ಟರೆ, ತೊಳೆಯುವ ಕಾರ್ಯವನ್ನು ಮಳೆನೀರೇ ನೆರವೇರಿಸುತ್ತದೆ.

ಹುಲ್ಲಿನ ಆಯ್ಕೆಯೂ ಅಷ್ಟೇ ಮುಖ್ಯ. ಗಣೇಶನ ಪೂಜೆಗೆ ಸಲ್ಲುವ ನಮ್ಮ ಗರಿಕೆಯೇ ಬರ್ಮುಡಾ ಹುಲ್ಲು ಎಂಬ ಹೆಸರಿನಿಂದ ಜಗತ್ತಿನ ಅನೇಕ ಕ್ರೀಡಾಂಗಣಗಳಲ್ಲಿ ಹಬ್ಬಿದೆ. ಮಣ್ಣಿನ ಸಾರದ ವಾಹಕತೆ 6.9 ಡೆಸಿಸೀಮನ್ಸ್ ತಲುಪುವವರೆಗೆ ಅದರ ಬೆಳವಣಿಗೆ ಕುಗ್ಗದೆಂದು ಪರಿಗಣಿಸಲಾಗಿದೆ. ಕೆರೆಯ ಏರಿಯ ಮೇಲೆ ತಾನಾಗಿ ಬೆಳೆಯುವ ಈ ಹುಲ್ಲನ್ನು ಆರಿಸಿಕೊಂಡರೆ ಖನಿಜಗಳ ಅಗತ್ಯವೇ ಬಹುಮಟ್ಟಿಗೆ ತಗ್ಗುತ್ತದೆ. ಮೊದಲು ಪರೀಕ್ಷೆ, ಬಳಿಕ ತಕ್ಕ ಹುಲ್ಲು, ಆಮೇಲೆ ಖನಿಜ: ಬಯಲುಸೀಮೆಗೆ ಒಪ್ಪುವ ಕ್ರಮ ಇದು.