ಸ್ಥಿರತೆ ಜಾಸ್ತಿಯಾದ್ರೂ ಕಷ್ಟ: ರೆಕ್ಕೆ, ಬಾಲ ಮತ್ತು ವೇಗದ ಲೆಕ್ಕ

ಸ್ಟೆಬಿಲಿಟಿ ಅಂದ್ರೇನು ಅಂತ ಎರಡು ಮಾರ್ಕಿಗೆ ಕೇಳಿದ್ರೆ, "ಅಲುಗಾಡಿಸಿದ ಮೇಲೆ ಮೊದಲಿದ್ದ ಸ್ಥಿತಿಗೆ ತಾನಾಗಿಯೇ ಮರಳುವ ಗುಣ" ಅಂತ ಬರೆದು ನಾವೆಲ್ಲ ಮುಂದಿನ ಪ್ರಶ್ನೆಗೆ ಹೋಗ್ತೀವಿ. ಈ ಗುಣ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತಲೂ ಅಂದುಕೊಂಡಿರ್ತೀವಿ. ಆದರೆ ನಮ್ಮ ಬೆಂಗಳೂರಿನಲ್ಲೇ ವಿನ್ಯಾಸಗೊಂಡ ತೇಜಸ್ ಯುದ್ಧವಿಮಾನವನ್ನು ಬೇಕಂತಲೇ ಅಸ್ಥಿರವಾಗಿ ಮಾಡಿದ್ದಾರೆ. ಅದಕ್ಕೆ ಹಿಂದೆ ಅಡ್ಡಬಾಲವೂ ಇಲ್ಲ. ಯಾಕೆ ಹೀಗೆ?

ಮೊದಲು ಒಂದು ಕಾಗದದ ವಿಮಾನ ತಗೊಳ್ಳೋಣ. ಸುಮ್ಮನೆ ಮಡಚಿ ಬಿಟ್ಟರೆ ಕೆಲವು ಸಲ ಅದು ಮೂತಿ ಮೇಲೆತ್ತಿ, ಗಾಳಿಯಲ್ಲೇ ನಿಂತಂತಾಗಿ, ಹಿಂದಕ್ಕೆ ಬೀಳುತ್ತೆ. ಮೂತಿಗೆ ಒಂದು ಜೆಮ್ ಕ್ಲಿಪ್ ಸಿಕ್ಕಿಸಿ ನೋಡಿ, ನೆಟ್ಟಗೆ ಹಾರುತ್ತೆ. ಕ್ಲಿಪ್ ಮಾಡಿದ್ದು ಇಷ್ಟೇ: ಗುರುತ್ವ ಕೇಂದ್ರವನ್ನು ಮುಂದಕ್ಕೆ ತಂದಿತು.

ಹಾರುವಾಗ ಗಾಳಿ ಬಡಿದು ಮೂತಿ ಸ್ವಲ್ಪ ಮೇಲೆದ್ದರೆ ಲಿಫ್ಟ್ ಹೆಚ್ಚಾಗುತ್ತೆ. ಈ ಹೆಚ್ಚುವರಿ ಲಿಫ್ಟ್ ಕೆಲಸ ಮಾಡುವ ಜಾಗವನ್ನು ಲಿಫ್ಟ್ ಬಿಂದು ಅಂತ ಕರೆಯೋಣ. ಅದು ಗುರುತ್ವ ಕೇಂದ್ರದ ಹಿಂದಿದ್ದರೆ ಬಾಲದ ಕಡೆ ಎತ್ತಿ ಮೂತಿಯನ್ನು ಕೆಳಗಿಳಿಸುತ್ತೆ, ವಿಮಾನ ಸ್ಥಿರ. ಮುಂದಿದ್ದರೆ ಎದ್ದ ಮೂತಿಯನ್ನು ಇನ್ನೂ ಎತ್ತುತ್ತೆ, ಅಸ್ಥಿರ. ಹಿಂದಿರುವ ಅಡ್ಡಬಾಲದ ಕೆಲಸವೂ ಇದೇ. ಅದು ಚಿಕ್ಕದಾದ್ರೂ ದೂರದಲ್ಲಿರೋದ್ರಿಂದ ಇಡೀ ವಿಮಾನದ ಲಿಫ್ಟ್ ಬಿಂದುವನ್ನು ಹಿಂದಕ್ಕೆ ಎಳೆಯುತ್ತೆ. ಅಂದ್ರೆ ಸ್ಥಿರತೆ ಅನ್ನೋದು ಎರಡು ಬಿಂದುಗಳ ನಡುವಿನ ಅಂತರ, ಅಷ್ಟೇ.

ತೊಂದರೆ ಏನಪ್ಪಾ ಅಂದ್ರೆ, ವೇಗ ಹೆಚ್ಚಾದಾಗ ಇದರಲ್ಲಿ ಒಂದು ಬಿಂದು ಜಾಗ ಬದಲಿಸುತ್ತೆ. ಶಬ್ದಕ್ಕಿಂತ ಕಡಿಮೆ ವೇಗದಲ್ಲಿ ರೆಕ್ಕೆಯ ಲಿಫ್ಟ್ ಬಿಂದು ಮುಂದಿನ ಅಂಚಿನಿಂದ ಸುಮಾರು ಕಾಲು ಭಾಗದಲ್ಲಿರುತ್ತೆ. ಶಬ್ದದ ವೇಗ ದಾಟಿದ ಮೇಲೆ ಹೆಚ್ಚುಕಮ್ಮಿ ಅರ್ಧಕ್ಕೆ ಸರಿಯುತ್ತೆ. ಈ ಗಲಾಟೆ ಶುರುವಾಗೋದು ಮ್ಯಾಕ್ 1ಕ್ಕಿಂತ ಮೊದಲೇ. ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿ ವಿಮಾನಕ್ಕಿಂತ ಜೋರಾಗಿ ಹರಿಯೋದ್ರಿಂದ, ಅಲ್ಲಿ ಅದು ಮೊದಲೇ ಶಬ್ದದ ವೇಗ ಮುಟ್ಟಿ ಶಾಕ್ ವೇವ್ ಹುಟ್ಟುತ್ತೆ. ಲಿಫ್ಟ್ ಹಿಂದಕ್ಕೆ ಸರಿದು ಮೂತಿ ಕೆಳಕ್ಕೆ ಜಗ್ಗುತ್ತೆ.

ಸರಿ, ಪೈಲಟ್ ಎಲಿವೇಟರ್ ಎಳೆದು ಮೂತಿ ಎತ್ತಬಹುದಲ್ವಾ? ಅಲ್ಲೂ ಪೆಟ್ಟು. ಎಲಿವೇಟರ್ ಅಂದ್ರೆ ಅಡ್ಡಬಾಲದ ಹಿಂದಿನ ಅಂಚಿಗೆ ಕೀಲು ಹಾಕಿ ಜೋಡಿಸಿದ ಹಲಗೆ. ಕಡಿಮೆ ವೇಗದಲ್ಲಿ ಅದನ್ನು ಸ್ವಲ್ಪ ತಿರುಗಿಸಿದರೆ ಸಾಕು, ಅದರ ಪರಿಣಾಮ ಮುಂದಿನ ಭಾಗಕ್ಕೂ ಹರಡಿ ಇಡೀ ಬಾಲದ ಒತ್ತಡ ಬದಲಾಗುತ್ತೆ. ಆದರೆ ಒತ್ತಡದ ಸುದ್ದಿ ಗಾಳಿಯಲ್ಲಿ ಓಡೋದು ಶಬ್ದದ ವೇಗದಲ್ಲಿ. ಎದುರಿನಿಂದ ಬರೋ ಗಾಳಿಯೇ ಅದಕ್ಕಿಂತ ಜೋರಾಗಿದ್ರೆ ಸುದ್ದಿ ಮುಂದಕ್ಕೆ ಹೋಗೋದೇ ಇಲ್ಲ. ಹಲಗೆ ತಿರುಗುತ್ತೆ, ವಿಮಾನ ಮಾತ್ರ ಕೇಳಲ್ಲ.

ಇದು ಬರೀ ಥಿಯರಿ ಅಲ್ಲ. 1946ರ ಸೆಪ್ಟೆಂಬರ್ 27ರಂದು ಇಂಗ್ಲೆಂಡಿನಲ್ಲಿ ಜೆಫ್ರಿ ಡಿ ಹ್ಯಾವಿಲೆಂಡ್ ಜೂನಿಯರ್ ಡಿ.ಎಚ್.108 ಎಂಬ ವಿಮಾನ ಹಾರಿಸುತ್ತಿದ್ದರು. ಹಿಂದಕ್ಕೆ ಬಾಗಿದ ರೆಕ್ಕೆ, ಅಡ್ಡಬಾಲ ಇಲ್ಲ. ಶಬ್ದದ ವೇಗದ ಹತ್ತಿರ ಹೋದಾಗ ಅದು ಮೂತಿ ಮೇಲೆ ಕೆಳಗೆ ಮಾಡುತ್ತಾ ಜೋರಾಗಿ ಕುಲುಕಾಡಿ ಆಕಾಶದಲ್ಲೇ ಮುರಿಯಿತು. ಅವರು ಬದುಕಲಿಲ್ಲ. ಆ ಕುಲುಕಾಟ ಎಷ್ಟು ಬೇಗ ಬೇಗ ಬರುತ್ತೆ ಅಂದ್ರೆ, ಮನುಷ್ಯನ ಕೈ ಅದನ್ನು ಸರಿಮಾಡೋಕೆ ಹೋದರೆ ತಡವಾಗಿ, ಇನ್ನಷ್ಟು ಹೆಚ್ಚಿಸಬಹುದು.

ಮುಂದಿನ ವರ್ಷ ಅಮೆರಿಕದಲ್ಲಿ ಬೆಲ್ ಎಕ್ಸ್-1 ಹಾರಿಸುತ್ತಿದ್ದ ಚಕ್ ಯೀಗರ್‌ಗೂ ಮ್ಯಾಕ್ 0.94ರ ಹತ್ತಿರ ಎಲಿವೇಟರ್ ಕೈಕೊಟ್ಟಿತು. ಆದರೆ ಆ ವಿಮಾನದಲ್ಲಿ ಇನ್ನೊಂದು ಉಪಾಯ ಇತ್ತು: ಹಿಂದಿನ ಹಲಗೆ ಮಾತ್ರ ಅಲ್ಲ, ಅಡ್ಡಬಾಲದ ಕೋನವನ್ನೇ ಹಾರಾಟದಲ್ಲಿ ಬದಲಿಸಬಹುದಿತ್ತು. ಇಡೀ ಬಾಲವೇ ತಿರುಗಿದರೆ ಮುಂದಿನ ಭಾಗಕ್ಕೆ ಸುದ್ದಿ ಕಳಿಸೋ ಅಗತ್ಯವೇ ಇಲ್ಲ. ಜೊತೆಗಾರ ಎಂಜಿನಿಯರ್ ಜ್ಯಾಕ್ ರಿಡ್ಲಿ ಅದನ್ನೇ ಬಳಸಲು ಹೇಳಿದರು. 1947ರ ಅಕ್ಟೋಬರ್ 14ರಂದು ಎಕ್ಸ್-1 ಮ್ಯಾಕ್ 1.06 ಮುಟ್ಟಿತು. ಆಮೇಲೆ ಶಬ್ದಾತೀತ ಯುದ್ಧವಿಮಾನಗಳಲ್ಲಿ ಇಡೀ ಬಾಲ ತಿರುಗುವ ವಿನ್ಯಾಸ ಮಾಮೂಲಾಯಿತು.

ಹಾಗಾದ್ರೆ ಸಮಸ್ಯೆ ಮುಗೀತಾ? ಪೂರ್ತಿ ಇಲ್ಲ. ಕಡಿಮೆ ವೇಗದಲ್ಲೇ ಸ್ಥಿರವಾಗಿರೋ ವಿಮಾನ ಶಬ್ದ ದಾಟಿದ ಮೇಲೆ ಲಿಫ್ಟ್ ಬಿಂದು ಇನ್ನೂ ಹಿಂದೆ ಸರಿದು ಅತಿ ಸ್ಥಿರವಾಗುತ್ತೆ. ಮೊಂಡು ಎತ್ತಿನ ಹಾಗೆ, ತಿರುಗು ಅಂದ್ರೆ ತಿರುಗಲ್ಲ. ಮೂತಿ ಬೀಳದಂತೆ ಬಾಲ ಸದಾ ಕೆಳಕ್ಕೆ ಒತ್ತುತ್ತಿರಬೇಕು. ಆ ಒತ್ತಡದಿಂದ ರೆಕ್ಕೆಗೆ ಹೊರೆ, ವಿಮಾನಕ್ಕೆ ಹೆಚ್ಚು ಡ್ರ್ಯಾಗ್, ಇಂಧನವೂ ದಂಡ.

ತೇಜಸ್ ಈ ಲೆಕ್ಕವನ್ನೇ ತಿರುಗಿಸಿತು. ಕಡಿಮೆ ವೇಗದಲ್ಲಿ ಲಿಫ್ಟ್ ಬಿಂದು ಗುರುತ್ವ ಕೇಂದ್ರಕ್ಕಿಂತ ಸ್ವಲ್ಪ ಮುಂದೆ ಇರುವಂತೆ ಮಾಡಿದರು. ಶಬ್ದ ದಾಟಿದಾಗ ಅದು ಹಿಂದಕ್ಕೆ ಸರಿದರೂ ಅಂತರ ಅತಿಯಾಗಲ್ಲ. ಅಡ್ಡಬಾಲದ ಕೆಲಸವನ್ನು ಡೆಲ್ಟಾ ರೆಕ್ಕೆಯ ಹಿಂದಿನ ಅಂಚಿನಲ್ಲಿರೋ ಎಲಿವಾನ್‌ಗಳು ಮಾಡುತ್ತವೆ. ಎಡಬಲ ಅಲುಗಾಡದಂತೆ ತಡೆಯೋಕೆ ನೆಟ್ಟಗೆ ನಿಂತ ಬಾಲ ಮಾತ್ರ ಉಳಿದಿದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಕಡಿಮೆ ವೇಗದಲ್ಲಿ ಈ ವಿಮಾನವನ್ನು ಪೈಲಟ್ ತನ್ನ ಕೈಯಿಂದಷ್ಟೇ ಹಾರಿಸೋಕೆ ಆಗಲ್ಲ. ಸೆನ್ಸರ್‌ಗಳು ಹೇಳಿದ್ದನ್ನು ಕೇಳಿ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಎಲಿವಾನ್ ಸರಿಮಾಡುತ್ತಿರಬೇಕು. ಅದು ತಪ್ಪಿದರೆ ವಿಮಾನವೇ ಹೋಯ್ತು. ಅದಕ್ಕೇ ನಾಲ್ಕು ಪಟ್ಟು ಫ್ಲೈ-ಬೈ-ವೈರ್: ಒಂದು ಚಾನೆಲ್ ಕೆಟ್ಟರೆ ಉಳಿದವು ಅದನ್ನು ಹೊರಗಿಟ್ಟು ಕೆಲಸ ಮುಂದುವರಿಸುತ್ತವೆ. 1998ರ ಅಣುಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿ, ಅಲ್ಲಿಂದ ಈ ವ್ಯವಸ್ಥೆಗೆ ಸಿಗುತ್ತಿದ್ದ ನೆರವು ನಿಂತುಹೋಯಿತು. ಉಳಿದ ಕೆಲಸ ಮುಗಿಸಿದ್ದು ಇಲ್ಲಿನ ಎಂಜಿನಿಯರ್‌ಗಳು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೊಠಿಯಾಲ್ ಬೆಂಗಳೂರಿನ ಎಚ್‌ಎಎಲ್ ರನ್‌ವೇಯಿಂದ ಅದನ್ನು ಮೊದಲ ಸಲ ಮೇಲಕ್ಕೇರಿಸಿದರು. 2003ರ ಆಗಸ್ಟ್‌ನಲ್ಲಿ ಅದು ಶಬ್ದದ ವೇಗ ದಾಟಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಡಿ.ಎಚ್.108ಕ್ಕೂ ಅಡ್ಡಬಾಲ ಇರಲಿಲ್ಲ, ತೇಜಸ್‌ಗೂ ಇಲ್ಲ. ಈ ಎರಡರ ನಡುವೆ ರೆಕ್ಕೆಯ ಆಕಾರವೂ ಬದಲಾಗಿದೆ, ಮನುಷ್ಯನ ಕೈಗಿಂತ ಬೇಗ ಉತ್ತರ ಕೊಡೋ ಕಂಟ್ರೋಲ್ ಸಿಸ್ಟಮ್ ಕೂಡ ಬಂದಿದೆ. ಏರೋದವರು, ಎಲೆಕ್ಟ್ರಾನಿಕ್ಸ್‌ನವರು, ಸಾಫ್ಟ್‌ವೇರ್‌ನವರು ಒಂದೇ ಟೇಬಲ್ ಸುತ್ತ ಕೂರದೆ ಇಂಥ ರೆಕ್ಕೆ ಹಾರೋದಿಲ್ಲ.