ಎತ್ತರದಲ್ಲಿ ನ್ಯೂಯಾರ್ಕ್, ಹೊಸತನದಲ್ಲಿ ಆಸ್ಟಿನ್

ಅಮೆರಿಕದ ಯಾವ ನಗರದ ಸ್ಕೈಲೈನ್ ಅತ್ಯಾಧುನಿಕ ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ ನ್ಯೂಯಾರ್ಕ್. ಅದು ಬಿಟ್ಟರೆ ಷಿಕಾಗೊ. ಎತ್ತರದ ಪಂದ್ಯವಾದರೆ ಈ ಉತ್ತರಕ್ಕೆ ತಕರಾರಿಲ್ಲ. ಆದರೆ 381 ಮೀಟರ್ ಎತ್ತರದ ಎಂಪೈರ್ ಸ್ಟೇಟ್ ಕಟ್ಟಡ ಮುಗಿದದ್ದು 1931ರಲ್ಲಿ. ಷಿಕಾಗೊದ 442 ಮೀಟರಿನ ವಿಲ್ಲಿಸ್ ಟವರ್ ಎದ್ದದ್ದು 1970ರ ದಶಕದಲ್ಲಿ, ಢಾಕಾ ಮೂಲದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನರ ಲೆಕ್ಕಾಚಾರದ ಮೇಲೆ. ಈ ಎರಡೂ ನಗರಗಳಿಗೆ ಚಹರೆ ಮೂಡಿದ್ದು ಕಳೆದ ಶತಮಾನದಲ್ಲೇ. ದೂರದಿಂದ ಕಾಣುವ ಗೋಪುರಗಳಲ್ಲಿ ಹೆಚ್ಚಿನವನ್ನು ಯಾವಾಗ ಕಟ್ಟಿದರು, ಯಾರಿಗಾಗಿ ಕಟ್ಟಿದರು ಎಂದು ಕೇಳಿ ನೋಡಿದರೆ ಮೊದಲ ಸ್ಥಾನ ಟೆಕ್ಸಾಸ್‌ನ ರಾಜಧಾನಿ ಆಸ್ಟಿನ್‌ಗೆ ಹೋಗುತ್ತದೆ, ಎರಡನೆಯದು ಮಯಾಮಿಗೆ.

2004ರಲ್ಲಿ ಫ್ರಾಸ್ಟ್ ಬ್ಯಾಂಕ್ ಟವರ್ ಮುಗಿದಾಗ ಆಸ್ಟಿನ್‌ಗೆಲ್ಲ ಅದೇ ಎತ್ತರದ ಕಟ್ಟಡ, ಬರೀ 157 ಮೀಟರ್. 2019ರಲ್ಲಿ 58 ಮಹಡಿಗಳ ಇಂಡಿಪೆಂಡೆಂಟ್ ಬಂತು. ಪೆಟ್ಟಿಗೆಗಳನ್ನು ತುಸು ಓರೆಕೋರೆಯಾಗಿ ಪೇರಿಸಿದಂತಿರುವ ಅದನ್ನು ಊರಿನವರು ಜೆಂಗಾ ಟವರ್ ಎನ್ನುತ್ತಾರೆ. ಆಮೇಲೆ ಎದ್ದ 74 ಮಹಡಿಗಳ ವಾಟರ್‌ಲೈನ್, ಹ್ಯೂಸ್ಟನ್‌ನಲ್ಲಿ 1982ರಿಂದ ಟೆಕ್ಸಾಸ್‌ಗೇ ಎತ್ತರದ್ದಾಗಿದ್ದ ಗೋಪುರವನ್ನೂ ಮೀರಿಸಿತು. ಹ್ಯೂಸ್ಟನ್‌ನ ಗೋಪುರಗಳು ತೈಲದ ದುಡ್ಡಿನಲ್ಲಿ ಕಚೇರಿಗಳಿಗಾಗಿ ಎದ್ದವು; 1980ರ ದಶಕದಲ್ಲಿ ತೈಲದ ಬೆಲೆ ಕುಸಿದಾಗ ಆ ಭರಾಟೆಯೂ ನಿಂತಿತು. ಆಸ್ಟಿನ್ ಬೆಳೆದದ್ದು ಸಾಫ್ಟ್‌ವೇರ್ ದುಡ್ಡಿನಲ್ಲಿ, ಬಹುಪಾಲು ಪೇಟೆಯ ನಡುವೆಯೇ ಮನೆ ಬೇಕೆನ್ನುವವರಿಗಾಗಿ. ಹಾಗೆಂದು ಮನಸ್ಸಿಗೆ ಬಂದಲ್ಲಿ ಕಟ್ಟುವಂತಿಲ್ಲ. 1888ರ ಶಾಸನಸಭಾ ಭವನದ ಗುಮ್ಮಟ ಮರೆಯಾಗಬಾರದೆಂದು 1983ರಲ್ಲೇ ಕಾನೂನು ಬಂದಿದೆ. ಮಯಾಮಿಯ ಗೋಪುರಗಳಲ್ಲೂ ಫ್ಲ್ಯಾಟುಗಳದ್ದೇ ದೊಡ್ಡ ಪಾಲು. ಕಾಂಕ್ರೀಟಿನ ಅಸ್ಥಿಪಂಜರವನ್ನು ಮೈಮೇಲೆ ತೊಟ್ಟಂತಿರುವ, ಝಹಾ ಹದೀದ್ ವಿನ್ಯಾಸದ ಒನ್ ಥೌಸಂಡ್ ಮ್ಯೂಸಿಯಂ ಅವುಗಳಲ್ಲಿ ಪ್ರಸಿದ್ಧ.

ಹೊಸ ತಂತ್ರಜ್ಞಾನವೆಲ್ಲ ನ್ಯೂಯಾರ್ಕಿನಲ್ಲೇ ಇದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. 57ನೇ ಬೀದಿಯ ಸ್ಟೈನ್‌ವೇ ಟವರ್‌ನ ಎತ್ತರ 435 ಮೀಟರ್, ಅಗಲ ಅದರ ಇಪ್ಪತ್ನಾಲ್ಕನೇ ಒಂದು ಪಾಲು. ಗಾಳಿಗೆ ಓಲಾಡದಂತೆ ಅದರ ತುದಿಯಲ್ಲಿ 800 ಟನ್ನಿನ ಭಾರ ಇಟ್ಟಿದ್ದಾರೆ. ಹತ್ತಿರದ 432 ಪಾರ್ಕ್ ಅವೆನ್ಯೂದಲ್ಲಿ ಹನ್ನೆರಡು ಮಹಡಿಗೊಮ್ಮೆ ಎರಡು ಮಹಡಿಯಷ್ಟು ಜಾಗವನ್ನು ಗಾಳಿ ಹಾದುಹೋಗಲೆಂದೇ ತೆರೆದಿಟ್ಟಿದ್ದಾರೆ. ಅತ್ಯಾಧುನಿಕ ಕಟ್ಟಡ ಯಾವುದೆಂದು ಕೇಳಿದ್ದರೆ ನಾನೂ ಅವುಗಳತ್ತಲೇ ಬೆರಳು ತೋರಿಸುತ್ತಿದ್ದೆ. ಆದರೆ ಅಂಥವು ಬೆರಳೆಣಿಕೆಯಷ್ಟು. ಸುತ್ತಲಿನ ಮ್ಯಾನ್‌ಹಟನ್ ಹಳೆಯದೇ.

ಹೊಸ ಗೋಪುರಗಳೆಲ್ಲ ಒಂದೇ ಥರದ ಗಾಜಿನ ಡಬ್ಬಿಗಳು ಎಂಬ ದೂರಿಗೆ ಮಾತ್ರ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆಸ್ಟಿನ್‌ನ ಎಷ್ಟೋ ಗೋಪುರಗಳನ್ನು ಬೇರೆ ಊರಲ್ಲಿ ತಂದು ನಿಲ್ಲಿಸಿದರೂ ವ್ಯತ್ಯಾಸ ತಿಳಿಯದು. ಚಂದದ ಮಾತು ಬಂದರೆ ನನ್ನ ಮತ ಈಗಲೂ ಷಿಕಾಗೊಗೇ; ಆಧುನಿಕತೆಯ ಪಟ್ಟ ಆಸ್ಟಿನ್‌ಗೆ.